ಸುಟ್ಟ ಕೈಗೆ ಮೊದಲು ನೀರು

ಅಡಿಗೆಮನೆಯಲ್ಲಿ ಒಬ್ಬರ ಕೈ ಸುಟ್ಟಿತೆಂದರೆ ಮನೆಮಂದಿಯ ವಾತ್ಸಲ್ಯವೆಲ್ಲ ಒಮ್ಮೆಗೇ ಔಷಧದ ರೂಪ ತಾಳಿ ಅಲ್ಲಿಗೆ ಓಡಿಬರುತ್ತದೆ: ಅಜ್ಜಿಯ ಕೈಯಲ್ಲಿ ದೋಸೆಯ ಹಿಟ್ಟು, ಅತ್ತೆಯ ಕೈಯಲ್ಲಿ ತುಪ್ಪದ ಗಿಂಡಿ, ಶಾಲೆಗೆ ಹೋಗುವ ಹುಡುಗನ ಕೈಯಲ್ಲಿ ಶಾಯಿಯ ಸೀಸೆ, ಮತ್ತೊಬ್ಬರ ಕೈಯಲ್ಲಿ ಹಲ್ಲುಜ್ಜುವ ಪೇಸ್ಟು, ಸದ್ದು ಕೇಳಿ ಬಂದ ನೆರೆಮನೆಯಾಕೆಯ ಬೊಗಸೆಯಲ್ಲಿ ಕಾಫಿಪುಡಿ. ಇವರಲ್ಲಿ ಯಾರೊಬ್ಬರ ಪ್ರೀತಿಯೂ ಶಂಕಾಸ್ಪದವಲ್ಲ. ಆದರೆ ಇವರು ತಂದ ಪದಾರ್ಥಗಳಲ್ಲಿ ಒಂದಾದರೂ ಆ ಗಳಿಗೆಯಲ್ಲಿ ಸುಟ್ಟ ಚರ್ಮಕ್ಕೆ ಬೇಕಾದುದಲ್ಲ. ಬೇಕಾದುದು ಅದೇ ಅಡಿಗೆಮನೆಯ ಮೂಲೆಯಲ್ಲಿ, ಪಾತ್ರೆ ತೊಳೆಯುವ ತೊಟ್ಟಿಯ ಮೇಲಿರುವ ನಲ್ಲಿಯ ತಣ್ಣೀರು. ಆ ನೀರಿನ ಕೆಳಗೆ ಸುಟ್ಟ ಭಾಗವನ್ನು ಹಿಡಿದು, ಗಡಿಯಾರವನ್ನು ನೋಡಿಕೊಂಡು, ಪೂರ್ತಿ 20 ನಿಮಿಷಗಳ ಕಾಲ ಹಾಗೆಯೇ ಇರಿಸತಕ್ಕದ್ದು. ಗೃಹಕೃತ್ಯದ ನಡುವೆ ಸಂಭವಿಸುವ ಸಣ್ಣಪುಟ್ಟ ಸುಟ್ಟಗಾಯಗಳ ಪ್ರಥಮ ಚಿಕಿತ್ಸೆಯಲ್ಲಿ ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿಲ್ಲ. ಮುಂದೆ ಹೇಳುವುದೆಲ್ಲ ಇದಕ್ಕೆ ಪೂರಕವಾದುದು.

ಕಾದ ವಸ್ತುವಿನಿಂದ ಕೈ ಹಿಂತೆಗೆದೊಡನೆ ಸುಡುವ ಕ್ರಿಯೆಯೂ ನಿಂತುಹೋಯಿತೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ; ವಸ್ತುಸ್ಥಿತಿ ಹಾಗಿಲ್ಲ. ಒಲೆ ಆರಿಸಿದ ಮೇಲೂ ಕಾವಲಿಯು ಇನ್ನೊಂದು ದೋಸೆಯನ್ನು ಬೇಯಿಸುವಷ್ಟು ಕಾವನ್ನು ಹಿಡಿದಿಟ್ಟುಕೊಂಡಿರುವಂತೆ, ಚರ್ಮವೂ ತನ್ನೊಳಕ್ಕೆ ಇಳಿದ ಉಷ್ಣವನ್ನು ಕೂಡಲೆ ಬಿಟ್ಟುಕೊಡದೆ, ಮೇಲ್ಪದರದಿಂದ ಕೆಳಪದರಕ್ಕೆ ಅದನ್ನು ದಾಟಿಸುತ್ತಲೇ ಇರುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಸುಟ್ಟಗಾಯಗಳ ಚಿಕಿತ್ಸೆಯಲ್ಲಿ ನಿರತರಾಗಿದ್ದ ಜ್ಯಾಕ್ಸನ್ ಎಂಬ ಶಸ್ತ್ರವೈದ್ಯರು 1953ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಈ ವಿಷಯವನ್ನು ಅರಿಯುವುದಕ್ಕೆ ಇಂದಿಗೂ ಆಧಾರವಾಗಿದೆ. ಅವರು ಗುರುತಿಸಿದಂತೆ ಸುಟ್ಟಗಾಯದಲ್ಲಿ ಮೂರು ವಲಯಗಳುಂಟು: ನಟ್ಟನಡುವೆ, ಜೀವಕೋಶಗಳು ಸತ್ತು ಮರಳಿ ಬಾರದಂತಾದ ವಲಯ, ಹೊರಗಿನ ಅಂಚಿನಲ್ಲಿ, ರಕ್ತ ತುಂಬಿ ಕೆಂಪೇರಿದ್ದರೂ ತಾನಾಗಿಯೇ ಗುಣ ಹೊಂದುವ ವಲಯ, ಇವೆರಡರ ಮಧ್ಯದಲ್ಲಿ, ರಕ್ತಸಂಚಾರ ಕುಂಠಿತವಾಗಿ, ಉಳಿಯುವುದೊ ಅಳಿಯುವುದೊ ಎಂಬುದು ಇನ್ನೂ ನಿರ್ಣಯವಾಗದಿರುವ ವಲಯ. ಸತ್ತುದನ್ನು ಯಾವ ಉಪಚಾರವೂ ಬದುಕಿಸಲಾರದು, ಬದುಕಿರುವುದಕ್ಕೆ ಉಪಚಾರದ ಅವಶ್ಯಕತೆಯೂ ಹೆಚ್ಚಾಗಿಲ್ಲ; ಪ್ರಥಮ ಚಿಕಿತ್ಸೆ ಮಾಡುವವರು ನೀರಿನ ಕೆಳಗೆ ಕೈ ಹಿಡಿದು ನಿಂತಿರುವ ಆ 20 ನಿಮಿಷವೆಲ್ಲ ಈ ಮಧ್ಯದ ವಲಯಕ್ಕಾಗಿಯೇ. ಹರಿಯುವ ನೀರು ಒಳಗಿನ ಉಷ್ಣವನ್ನು ಹೊರಗೆಳೆದು ಒಯ್ಯುತ್ತದೆ, ಬಾವನ್ನು ತಗ್ಗಿಸುತ್ತದೆ, ನೋವನ್ನು ಶಮನಗೊಳಿಸುತ್ತದೆ. ಗಾಯ ಆಳಕ್ಕಿಳಿಯದಂತೆ ತಡೆದು, ಮುಂದೆ ಕಲೆ ಉಳಿಯುವ ಸಂಭವವನ್ನೂ ಕಡಮೆ ಮಾಡುತ್ತದೆ.

ನೋವು ಇಳಿಯಿತೆಂದು ಎರಡು ನಿಮಿಷಕ್ಕೇ ನಲ್ಲಿಯನ್ನು ನಿಲ್ಲಿಸುವವರೇ ಬಹುಮಂದಿ. ಕೈ ತೆಗೆದೊಡನೆ ಉರಿ ಮರುಕಳಿಸುತ್ತದೆ, ಆಗ ‘ನೀರಿನಿಂದ ಏನೂ ಆಗಲಿಲ್ಲ’ ಎಂದುಕೊಂಡು ಡಬ್ಬಿಗಳ ಕಡೆಗೆ ಕೈ ಚಾಚುತ್ತಾರೆ. ಅಳತೆ ಗಡಿಯಾರದ್ದಾಗಿರಲಿ, ನೋವಿನದಾಗದಿರಲಿ. ಒಲೆಯ ಮೇಲಿನ ಪಾತ್ರೆಯ ಚಿಂತೆ ಬಿಟ್ಟು, ಬೆಂಕಿಯನ್ನು ಆರಿಸಿ, ಒಂದು ಮಣೆಯನ್ನೊ ಸ್ಟೂಲನ್ನೊ ಎಳೆದುಕೊಂಡು ಕುಳಿತುಬಿಡುವುದು ಉತ್ತಮ. ಕೂಡಲೆ ನೀರು ಸಿಕ್ಕದೆ ಒಂದೆರಡು ಗಂಟೆ ಕಳೆದುಹೋಗಿದ್ದರೂ ಹತಾಶರಾಗಬೇಕಾಗಿಲ್ಲ. ಸುಟ್ಟ 3 ಗಂಟೆಗಳೊಳಗಾಗಿ ಹೀಗೆ ತಂಪು ಮಾಡಿದರೂ ಪ್ರಯೋಜನವುಂಟೆಂಬುದು ಇಂದಿನ ವೈದ್ಯರ ಅಭಿಮತ.

ನೀರು ಹೇಗಿರಬೇಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು; ಏಕೆಂದರೆ ಶೀತದೇಶಗಳ ಪುಸ್ತಕಗಳಲ್ಲಿ ‘ನಲ್ಲಿಯ ನೀರು’ ಎಂದರೆ ತಣ್ಣೀರೆಂದೇ ಅರ್ಥ, ನಮ್ಮಲ್ಲಿ ಹಾಗಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿಗಳಂಥ ಊರುಗಳಲ್ಲಿ ಚೈತ್ರ ವೈಶಾಖಗಳ ಮಧ್ಯಾಹ್ನದ ಹೊತ್ತಿನಲ್ಲಿ ತಾರಸಿಯ ಮೇಲಿನ ಕರಿಯ ಟ್ಯಾಂಕಿನಿಂದ ಇಳಿದುಬರುವ ನೀರು, ಸುಟ್ಟ ಚರ್ಮಕ್ಕಿರಲಿ, ಸುಡದ ಚರ್ಮಕ್ಕೂ ಹಿತವಲ್ಲದಷ್ಟು ಬಿಸಿಯಾಗಿರುತ್ತದೆ. ಆದುದರಿಂದ ಮೊದಲು ನಿಮ್ಮ ಕೈಯೊಡ್ಡಿ ನೋಡಿ. ಬಿಸಿಯಾಗಿದ್ದರೆ ನೆಲದೊಳಗಿನ ಸಂಪಿನದನ್ನೊ, ಬಾವಿಯಿಂದ ಆಗತಾನೆ ಸೇದಿದುದನ್ನೊ, ಕುಡಿಯಲು ಇಟ್ಟಿರುವ ಮಣ್ಣಿನ ಹೂಜಿಯದನ್ನೊ ಚೊಂಬಿನಲ್ಲಿ ತುಂಬಿ ಧಾರೆಯಾಗಿ ಬಿಡಿ. ನೀರಿಗೆ ಅಭಾವವಿರುವ ಮನೆಗಳಲ್ಲಿ ಶುಭ್ರವಾದ ಪಾತ್ರೆಯಲ್ಲಿ ನೀರು ತುಂಬಿ ಕೈಯನ್ನು ಮುಳುಗಿಸಿ ಇಡಬಹುದು, ಇಲ್ಲವೆ ಒದ್ದೆ ಬಟ್ಟೆಯನ್ನು ಹಾಕಿ, ಅದು ಬೆಚ್ಚಗಾಗುವ ಮುನ್ನವೇ ಮತ್ತೆ ಮತ್ತೆ ಬದಲಾಯಿಸಬಹುದು. ಧಾರೆ ಮೃದುವಾಗಿರಲಿ, ಬೊಬ್ಬೆ ಎದ್ದ ಚರ್ಮವನ್ನು ಹರಿಯುವಷ್ಟು ಜೋರಾಗಿ ಬೀಳಬಾರದು.

ತಂಪು ಒಳ್ಳೆಯದಾದರೆ ಹೆಚ್ಚು ತಂಪು ಇನ್ನೂ ಒಳ್ಳೆಯದೆಂಬ ತರ್ಕದಿಂದ ಫ್ರಿಜ್ಜಿನ ಮಂಜುಗಡ್ಡೆಯನ್ನು ತಂದು ಒತ್ತುವವರುಂಟು. ಮಂಜುಗಡ್ಡೆಯ ಶೈತ್ಯಕ್ಕೆ ಚರ್ಮದ ಸೂಕ್ಷ್ಮ ರಕ್ತನಾಳಗಳು ಸಂಕುಚಿತವಾಗಿ, ಹಿಂದೆ ಹೇಳಿದ ಆ ಮಧ್ಯದ ವಲಯಕ್ಕೆ ಸಲ್ಲುತ್ತಿದ್ದ ಅಲ್ಪಸ್ವಲ್ಪ ರಕ್ತವೂ ಸಲ್ಲದಂತಾಗುತ್ತದೆ. ಗಾಯ ಮತ್ತಷ್ಟು ಆಳವಾಗುತ್ತದೆ. ಐಸನ್ನು ಮುಟ್ಟಿಸಲೇಬಾರದು. ಎಳೆಯ ಮಕ್ಕಳಿಗೆ ನೀರು ಬಿಡುವಾಗಲೂ ಗಾಯವಾದ ಭಾಗವನ್ನಷ್ಟೇ ತಂಪುಗೊಳಿಸಿ, ಉಳಿದ ಮೈಯನ್ನು ಒಣ ಬಟ್ಟೆಯಿಂದ ಸುತ್ತಿ ಬೆಚ್ಚಗೆ ಇಟ್ಟುಕೊಳ್ಳಬೇಕು. ಮಗು ನಡುಗಲಾರಂಭಿಸಿದರೆ ನೀರನ್ನು ನಿಲ್ಲಿಸತಕ್ಕದ್ದು.

ನೀರು ಹರಿಯುತ್ತಿರುವಾಗಲೇ ಮಾಡಬೇಕಾದ ಇನ್ನೊಂದು ಕಾರ್ಯವಿದೆ. ಸುಟ್ಟ ಅವಯವ ಸ್ವಲ್ಪ ಹೊತ್ತಿನಲ್ಲಿ ಬಾತುಕೊಳ್ಳುತ್ತದೆ. ಉಂಗುರ, ಬಳೆ, ಕಡಗ, ಕೈಗಡಿಯಾರ, ಕಾಲುಂಗುರ, ಮಗುವಿನ ಉಡಿದಾರ—ಗಾಯದ ಹತ್ತಿರ ಇಂಥದು ಯಾವುದಿದ್ದರೂ ಬಾವು ಏರುವ ಮುನ್ನ ತೆಗೆದುಬಿಡಬೇಕು. ಬೆರಳು ಊದಿದ ಮೇಲೆ ಉಂಗುರವನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ. ಮಾಂಗಲ್ಯದ ಕರಿಮಣಿಯನ್ನಾಗಲಿ ಮುತ್ತೈದೆಯ ಬಳೆಯನ್ನಾಗಲಿ ತೆಗೆಯಲು ಹಿಂಜರಿಯುವ ಹೆಂಗಸರಿಗೆ, ಇದು ಕೆಲವು ದಿನಗಳ ಮಾತೆಂದು ಮನೆಯ ಹಿರಿಯರೇ ಮುಂದಾಗಿ ಸಮಾಧಾನ ಹೇಳಿದರೆ ಕೆಲಸ ಸುಲಭವಾಗುತ್ತದೆ. ಬಿಸಿ ಸಾರಿನಿಂದ ತೊಯ್ದ ಅಂಗಿಯನ್ನೂ ಹಾಗೆಯೇ ತ್ವರೆಯಿಂದ ಕಳಚಬೇಕು, ಏಕೆಂದರೆ ತೊಯ್ದ ಬಟ್ಟೆ ಬಿಸಿಯನ್ನು ಮೈಗೆ ಅಂಟಿಸಿಕೊಂಡಿರುತ್ತದೆ. ಆದರೆ ಬಟ್ಟೆಯೇ ಚರ್ಮಕ್ಕೆ ಕಚ್ಚಿಕೊಂಡಿದ್ದರೆ ಎಳೆಯಬಾರದು. ಸುತ್ತಲಿನದನ್ನು ಕತ್ತರಿಸಿ, ಅಂಟಿದ ತುಂಡನ್ನು ವೈದ್ಯರಿಗೆ ಬಿಡಬೇಕು. ಚಕ್ಕುಲಿ ಕರಿಯುವ ಎಣ್ಣೆ, ಉಂಡೆಗೆಂದು ಕಾಯಿಸಿದ ಬೆಲ್ಲದ ಪಾಕ ಮುಂತಾದವು ಮೈಮೇಲೆ ಬಿದ್ದಾಗ ಗಾಯ ನೀರಿನ ಸುಡುವಿಕೆಗಿಂತ ಆಳವಾಗಿರುತ್ತದೆ. ಅವು ನೀರಿಗಿಂತ ಬಹಳ ಹೆಚ್ಚು ಕಾಯುತ್ತವೆ, ಪಾಕವಂತೂ ಅಂಟಿಕೊಂಡು ಬಿಡದು. ಅಂಟಿದ ಪಾಕವನ್ನು ಕೆರೆಯದೆ, ಅದರ ಮೇಲೆಯೇ ನೀರು ಬಿಡಬೇಕು.

ಸುಟ್ಟ ಜಾಗಕ್ಕೆ ನೀರು ಸೋಕಿದರೆ ಬೊಬ್ಬೆ ಏಳುತ್ತದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹಳ ಆಳವಾಗಿ ಬೇರೂರಿದೆ. ಸದುದ್ದೇಶದವರಾದ ಹಿರಿಯರು ನೀರಿನಿಂದ ಕೈಯನ್ನು ಎಳೆದುಬಿಡುವುದೂ ಇದೇ ಕಾರಣಕ್ಕೆ. ಬೊಬ್ಬೆ ಏಳುವುದು ಬಿಸಿಯಿಂದ. ಉಷ್ಣವು ಚರ್ಮದ ಹೊರಪದರವನ್ನು ದಾಟಿ ಒಳಪದರವನ್ನು ಮುಟ್ಟಿದಾಗ, ಅಲ್ಲಿನ ರಕ್ತನಾಳಗಳಿಂದ ಜಿನುಗಿದ ದ್ರವ ಎರಡು ಪದರಗಳ ನಡುವೆ ಸಂಗ್ರಹವಾಗಿ ಮೇಲಿನ ಪದರವನ್ನು ಎತ್ತುತ್ತದೆ. ಹೊರಗಿನಿಂದ ಸುರಿದ ನೀರಿನ ಒಂದು ಹನಿಯೂ ಅದರೊಳಗೆ ಸೇರಿರುವುದಿಲ್ಲ. ಬೊಬ್ಬೆ ಕಾಣಿಸಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಷ್ಟರೊಳಗೆ ನೀರು ಹಾಕಿರುತ್ತಾರೆ, ಆದಕಾರಣ ನೀರಿಗೆ ಅಪವಾದ ಬಂದಿದೆ. ಈ ಒಂದು ತಪ್ಪು ತಿಳಿವಳಿಕೆ ತೊಲಗಿದರೆ ಎಷ್ಟೋ ಮಕ್ಕಳ ಕೈ ಕಾಲುಗಳ ಮೇಲಿನ ಕಲೆಗಳು ಇಲ್ಲವಾದಾವು.

ಹಚ್ಚುವ ಪದಾರ್ಥಗಳ ವಿಚಾರವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಗಳು ಬಿಸಿ ಇನ್ನೂ ಒಳಗಿರುವ ಚರ್ಮದ ಮೇಲೆ ಹೊದಿಕೆಯಂತೆ ನಿಂತು ಅದು ಹೊರಹೋಗದಂತೆ ತಡೆಯುತ್ತವೆ. ಪೇಸ್ಟು ಕ್ಷಣಕಾಲ ತಣ್ಣಗೆನಿಸಿದರೂ ಅದರ ರಾಸಾಯನಿಕಗಳು ಗಾಯವನ್ನು ಕೆರಳಿಸುತ್ತವೆ. ಕಾಫಿಪುಡಿ, ಅರಿಶಿನ, ಒದ್ದೆ ಮಣ್ಣು, ಹುದುಗಿದ ಹಿಟ್ಟು, ಮೊಟ್ಟೆಯ ಲೋಳೆ ಇವುಗಳಲ್ಲಿ ರೋಗಾಣುಗಳಿರುವ ಸಂಭವವುಂಟು. ಒಣಗಿ ಅಂಟಿಕೊಂಡ ಮೇಲೆ ಆಸ್ಪತ್ರೆಯಲ್ಲಿ ಉಜ್ಜಿ ತೆಗೆಯುವಾಗ ರೋಗಿ ಪಡುವ ಯಾತನೆ ಸುಟ್ಟುದಕ್ಕಿಂತ ಕಡಮೆಯದಲ್ಲ. ಶಾಯಿಗೆ ಇನ್ನೊಂದು ದೋಷವಿದೆ: ಗಾಯದ ನಿಜವಾದ ಬಣ್ಣ ಅದರಡಿಯಲ್ಲಿ ಮುಚ್ಚಿಹೋಗಿ, ಎಷ್ಟು ಆಳ ಸುಟ್ಟಿದೆ ಎಂಬುದನ್ನು ವೈದ್ಯರು ನೋಡಿ ತಿಳಿಯುವುದೇ ಅಸಾಧ್ಯವಾಗುತ್ತದೆ. ಎಷ್ಟೋ ಮನೆಗಳ ಗೂಡಿನಲ್ಲಿ ಸದಾ ಇರುವ ಬಣ್ಣದ ಮುಲಾಮುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತಂಪು ಮಾಡುವುದಕ್ಕೆ ಮೊದಲು ಅವುಗಳಿಗೆ ಸ್ಥಾನವಿಲ್ಲ, ವೈದ್ಯರು ನೋಡಬೇಕಾದ ಗಾಯಕ್ಕೆ ಅವರು ನೋಡುವ ಮುನ್ನ ಹಚ್ಚಲೂಬಾರದು. ಹಿತ್ತಲಿನ ಲೋಳೆಸರವನ್ನು ಕುರಿತು ಅನೇಕರು ಕೇಳುತ್ತಾರೆ. ಬೊಬ್ಬೆಯಿಲ್ಲದ, ಬರಿಯ ಕೆಂಪಾದ ಚರ್ಮಕ್ಕೆ, ನೀರಿನ ಉಪಚಾರ ಮುಗಿದ ತರುವಾಯ, ಅಂಗಡಿಯಲ್ಲಿ ದೊರೆಯುವ ಶುದ್ಧವಾದ ಲೋಳೆಸರದ ಜೆಲ್ ಹಿತಕರವಾದೀತು. ಧೂಳು ಹಿಡಿದ ಎಲೆಯನ್ನು ಸೀಳಿ ಒಡೆದ ಬೊಬ್ಬೆಯ ಮೇಲೆ ತಿಕ್ಕುವುದು ಮಾತ್ರ ಬೇಡ.

ಇನ್ನು, ಮನೆಯಲ್ಲಿ ನೋಡಿಕೊಳ್ಳಬಹುದಾದುದು ಯಾವುದು, ಆಸ್ಪತ್ರೆಗೆ ಒಯ್ಯಬೇಕಾದುದು ಯಾವುದು ಎಂಬ ವಿವೇಚನೆ. ಸುಟ್ಟವರ ಅಂಗೈ, ಬೆರಳುಗಳೂ ಸೇರಿ, ಅವರ ದೇಹದ ಮೇಲ್ಮೈಯಲ್ಲಿ ಸುಮಾರು 1 ಶತಾಂಶದಷ್ಟಿರುತ್ತದೆ. ಅಳೆಯಬೇಕಾದುದು ಗಾಯಗೊಂಡವರ ಅಂಗೈಯಿಂದ; ಮಗುವಿನ ಗಾಯವನ್ನು ತಂದೆಯ ಅಂಗೈಯಿಂದ ಅಳೆದರೆ ದೊಡ್ಡದೂ ಸಣ್ಣದಾಗಿ ತೋರುತ್ತದೆ. ಅಷ್ಟಕ್ಕಿಂತ ದೊಡ್ಡದಾದ ಗಾಯವೆಲ್ಲವನ್ನೂ ವೈದ್ಯರು ನೋಡಬೇಕು. ಎಷ್ಟೇ ಸಣ್ಣದಾಗಿರಲಿ, ಮುಖ, ಕೈ, ಪಾದ, ಗುಹ್ಯಸ್ಥಾನ, ಕೀಲುಗಳ ಮೇಲೆ ಬೊಬ್ಬೆ ಎದ್ದಿದ್ದರೆ, ತೋಳನ್ನಾಗಲಿ ಬೆರಳನ್ನಾಗಲಿ ಬಳೆಯಂತೆ ಸುತ್ತುವರಿದು ಸುಟ್ಟಿದ್ದರೆ, ಸುಟ್ಟವರು ಹಸುಗೂಸೊ ವೃದ್ಧರೊ ಗರ್ಭಿಣಿಯೊ ಮಧುಮೇಹಿಯೊ ಆಗಿದ್ದರೆ, ಹೊಗೆ ಕುಡಿದು ಕೆಮ್ಮುತ್ತಲೊ ದನಿ ಒರಟಾಗುತ್ತಲೊ ಇದ್ದರೆ, ಮನೆಯ ಉಪಚಾರದಿಂದ ತೃಪ್ತಿಪಡದೆ ಹೊರಡಬೇಕು. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ಆಂಬುಲೆನ್ಸು ಬರುವ ತನಕ ನೀರು ಬಿಡುತ್ತಿರಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗಾಗಿಯೇ ಪ್ರತ್ಯೇಕ ವಿಭಾಗವುಂಟು. ಮಿಕ್ಕೆಡೆಗಳಲ್ಲಿ ಜಿಲ್ಲಾಸ್ಪತ್ರೆಗೆ ಹೋಗುವುದು ಲೇಸು.

ನೋವಿಲ್ಲವೆಂಬುದು ಸಮಾಧಾನಕ್ಕೆ ಕಾರಣವೆಂದು ಯಾರೂ ಭಾವಿಸಕೂಡದು; ಈ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಮೇಲ್ಪದರ ಮಾತ್ರ ಸುಟ್ಟರೆ ಚರ್ಮ ಕೆಂಪಾಗಿ ಉರಿಯುತ್ತದೆ, ಒಳಪದರದ ಮೇಲ್ಭಾಗ ಸುಟ್ಟರೆ ಬೊಬ್ಬೆ ಎದ್ದು, ಒದ್ದೆಯಾಗಿ, ಗಾಳಿ ಸೋಕಿದರೂ ತಾಳಲಾರದಷ್ಟು ನೋವಾಗುತ್ತದೆ. ಅದಕ್ಕೂ ಆಳಕ್ಕೆ ಇಳಿದರೆ ನೋವನ್ನು ತಿಳಿಸುವ ನರಗಳ ತುದಿಗಳೇ ಸುಟ್ಟುಹೋಗಿ, ಚರ್ಮವು ಬಿಳಿಚಿಕೊಂಡೊ ಕಂದಾಗಿಯೊ ತೊಗಲಿನಂತೆ ಬಿರುಸಾಗಿಯೊ ಕಾಣುತ್ತಾ ಮುಟ್ಟಿದರೂ ತಿಳಿಯದಂತಾಗುತ್ತದೆ. ಬೈಕಿನ ಸೈಲೆನ್ಸರಿಗೆ ಮೀನಖಂಡ ತಗುಲಿದಾಗ ಎಷ್ಟೋ ವೇಳೆ ಇಂಥ ಬಿಳಿಯ, ನೋವಿಲ್ಲದ, ನಾಣ್ಯದಷ್ಟು ಅಗಲದ ಗಾಯವಾಗುವುದುಂಟು. ಬಹುಕಾಲದ ಮಧುಮೇಹಿಗಳ ಪಾದಗಳಲ್ಲಿ ಸ್ಪರ್ಶಜ್ಞಾನವೇ ಕುಂದಿರುವುದರಿಂದ, ಕಾಲುನೋವಿಗೆಂದು ಬಿಸಿನೀರಿನಲ್ಲಿ ಪಾದವಿಟ್ಟು ಕುಳಿತವರಿಗೆ ಸುಟ್ಟುದು ಮರುದಿನ ಬೊಬ್ಬೆ ಎದ್ದ ಮೇಲೆಯೇ ತಿಳಿಯುತ್ತದೆ.

ಬಿಸಿಗೂ ಕಾಲಕ್ಕೂ ಇರುವ ಸಂಬಂಧವನ್ನು ಅಮೆರಿಕದ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಇಬ್ಬರು ಸಂಶೋಧಕರು 1947ರಲ್ಲಿ ಅಳೆದು ತೋರಿಸಿದರು: 44 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ವಯಸ್ಕರ ಚರ್ಮ ಸುಡಬೇಕಾದರೆ ಸುಮಾರು 6 ಗಂಟೆ ಹಿಡಿಯುತ್ತದೆ, 60 ಡಿಗ್ರಿಗೆ ಸುಮಾರು 5 ಸೆಕೆಂಡು ಸಾಕು. ಮಕ್ಕಳ ಚರ್ಮ ತೆಳುವಾದುದರಿಂದ ಅಷ್ಟೂ ಬೇಡ. ಬಚ್ಚಲಿನ ಹಂಡೆಯಲ್ಲಿ, ಇಲ್ಲವೆ ಕಾಯಿಲ್ ಕಡ್ಡಿ ಇಳಿಬಿಟ್ಟ ಬಕೆಟ್ಟಿನಲ್ಲಿ ಹಬೆಯಾಡುವ ನೀರು ಇದಕ್ಕಿಂತ ಹೆಚ್ಚು ಬಿಸಿಯಾಗಿರಬಲ್ಲುದೆಂಬುದನ್ನು ಸ್ಮರಿಸಿಕೊಂಡರೆ, ಮಗುವನ್ನು ಮೀಯಿಸುವ ಬಕೆಟ್ಟಿಗೆ ಮೊದಲು ತಣ್ಣೀರನ್ನೂ ಅನಂತರ ಬಿಸಿನೀರನ್ನೂ ಹಾಕಬೇಕೆಂಬ ನಿಯಮ ಎಷ್ಟು ಬೆಲೆಯುಳ್ಳದ್ದೆಂಬುದು ವೇದ್ಯವಾಗುತ್ತದೆ.

ಬೆಂಕಿಯಿಂದಲ್ಲದ ಸುಡುವಿಕೆಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಶೌಚಾಲಯ ತೊಳೆಯುವ ಆಸಿಡ್ಡು ಮೈಮೇಲೆ ಬಿದ್ದರೆ ನೀರು ಬಿಡುವ ಅವಧಿ ಇನ್ನೂ ದೀರ್ಘವಾಗಿರಬೇಕು, ಸೋಡಾ ಮೊದಲಾದುವನ್ನು ಸುರಿದು ಅದನ್ನು ಮುರಿಯಲು ಹೋಗಬಾರದು. ಒಣ ಸುಣ್ಣದ ಪುಡಿಯಾದರೆ ಮೊದಲು ಒಣ ಬಟ್ಟೆಯಿಂದ ಕೊಡವಿ ಬಳಿಕ ಧಾರಾಳವಾಗಿ ತೊಳೆಯಬೇಕು. ಎಲೆಯಡಿಕೆಯ ಸುಣ್ಣ ಮಗುವಿನ ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು, ನೀರು ಬಿಡುತ್ತಲೇ ಇದ್ದು, ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಓಡಬೇಕು. ವಿದ್ಯುತ್ತಿನ ವಿಷಯದಲ್ಲಿ ಮೇನ್ ಸ್ವಿಚ್ಚು ಆರಿಸುವ ಮೊದಲು ಮನುಷ್ಯನನ್ನು ಮುಟ್ಟಲೇಬಾರದು. ಹೊರಗೆ ಚುಕ್ಕೆಯಷ್ಟು ಗಾಯವಿದ್ದರೂ ಒಳಗಿನ ಹಾನಿ ದೊಡ್ಡದಿರಬಹುದಾದ್ದರಿಂದ ಆಸ್ಪತ್ರೆ ಅನಿವಾರ್ಯ.

20 ನಿಮಿಷ ಕಳೆದ ಮೇಲೆ ಗಾಯವನ್ನು ಮುಚ್ಚಬೇಕು. ಅಡಿಗೆಯ ಪದಾರ್ಥಗಳನ್ನು ಮುಚ್ಚಿಡುವ ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇದ್ದರೆ, ಸುರುಳಿಯ ಮೊದಲ ಸುತ್ತನ್ನು ತೆಗೆದುಹಾಕಿ, ಒಳಗಿನದನ್ನು ಗಾಯದ ಮೇಲೆ ಉದ್ದಕ್ಕೆ ಹಾಸಬಹುದು. ಸುತ್ತಿ ಬಿಗಿಯಬಾರದು, ಬಾವು ಬಂದಾಗ ಅದು ಕಟ್ಟುಹಾಕಿದಂತಾಗುತ್ತದೆ. ಅದು ಗಾಯಕ್ಕೆ ಅಂಟುವುದಿಲ್ಲ, ಗಾಳಿ ತಾಗಗೊಡದೆ ನೋವನ್ನು ಇಳಿಸುತ್ತದೆ, ವೈದ್ಯರು ಅದನ್ನು ತೆಗೆಯದೆಯೇ ಗಾಯವನ್ನು ನೋಡಬಹುದು. ಕೈಗಾದರೆ ಶುಭ್ರವಾದ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ತೊಡಿಸಬಹುದು. ಯಾವುದೂ ಇಲ್ಲದಿದ್ದರೆ ಒಗೆದು ಬಿಸಿಲಿಗೆ ಒಣಗಿಸಿ ಇಸ್ತ್ರಿ ಮಾಡಿದ, ಹಳೆಯ ಪಂಚೆಯ ಮೆತ್ತನೆಯ ತುಂಡು ಒದಗುತ್ತದೆ. ಹತ್ತಿಯನ್ನು ನೇರವಾಗಿ ಇಡಕೂಡದು. ಅದರ ಎಳೆಗಳು ಗಾಯದಲ್ಲಿ ಹೂತುಕೊಳ್ಳುತ್ತವೆ.

ನೋವಿಗೆ ಪ್ಯಾರಸಿಟಮಾಲ್ ಸಾಕು. ದೊಡ್ಡವರಿಗೆ 500 ಮಿಲಿಗ್ರಾಮಿನ ಒಂದು ಮಾತ್ರೆಯನ್ನು 6 ಗಂಟೆಗೊಮ್ಮೆ ಕೊಡಬಹುದು. ಮಕ್ಕಳ ಪ್ರಮಾಣ ತೂಕವನ್ನು ಅವಲಂಬಿಸಿದೆ: ಒಂದು ಸಲಕ್ಕೆ ಕಿಲೋಗ್ರಾಮಿಗೆ 15 ಮಿಲಿಗ್ರಾಮ್ ಮೀರದಂತೆ, ಅಂದರೆ 10 ಕಿಲೋ ತೂಗುವ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಮ್. ಅಂಗಡಿಯ ಸಿರಪ್ಪುಗಳಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಮ್ ಇರುವುವೂ ಉಂಟು, 250 ಇರುವುವೂ ಉಂಟು. ಸೀಸೆಯ ಚೀಟಿಯನ್ನು ಓದದೆ ಚಮಚದ ಲೆಕ್ಕದಲ್ಲಿ ಕುಡಿಸಿದರೆ ಔಷಧ ಇಮ್ಮಡಿಯಾಗಿಬಿಡಬಹುದು. ಮಕ್ಕಳಿಗೆ ಆಸ್ಪಿರಿನ್ ಸರ್ವಥಾ ಸಲ್ಲದು. ಬೊಬ್ಬೆ ಒಡೆದ ಗಾಯವಾಗಿದ್ದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡು 5 ವರ್ಷ ಮೀರಿದ್ದರೆ ಮತ್ತೊಂದು ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬೇಕು.

ಬೊಬ್ಬೆಯನ್ನು ಸೂಜಿಯಿಂದ ಚುಚ್ಚಬಾರದು. ಅದರ ಮೇಲಿನ ತೆಳುಚರ್ಮದಷ್ಟು ಶುದ್ಧವಾದ ಪಟ್ಟಿಯನ್ನು ಯಾವ ಔಷಧಾಲಯವೂ ಮಾರಲಾರದು. ಕೆಳಗಿನ ಎಳೆಯ ಚರ್ಮ ಸಿದ್ಧವಾಗುವ ತನಕ ಅದು ಕಾವಲಿದ್ದು, ಬಳಿಕ ತಾನಾಗಿ ಬಾಡಿ ಉದುರುತ್ತದೆ. ತಾನಾಗಿ ಒಡೆದರೆ ಸೋಪು ಮತ್ತು ಶುದ್ಧವಾದ ನೀರಿನಿಂದ ಮೃದುವಾಗಿ ತೊಳೆದು, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟದ ಪಟ್ಟಿಯನ್ನು ಕಟ್ಟಿ, ಒದ್ದೆಯಾದಾಗ ಬದಲಾಯಿಸುತ್ತಿರಬೇಕು. ಕಡಮೆಯಾಗುತ್ತಿದ್ದ ನೋವು ಮತ್ತೆ ಏರುವುದು, ಕೆಂಪು ಸುತ್ತಲೂ ಹರಡುವುದು, ಕೀವು, ದುರ್ಗಂಧ, ಜ್ವರ ಇವುಗಳಲ್ಲಿ ಯಾವುದೊಂದು ಕಂಡರೂ ಅಂದೇ ವೈದ್ಯರಿಗೆ ತೋರಿಸಬೇಕು.

ಗಾಯವಾದವರಿಗೆ ‘ನಂಜು’ ಎಂದು ಹೇಳಿ ಬದನೆಯಿಂದ ಮೊದಲುಗೊಂಡು ಬೇಳೆ, ಮೊಟ್ಟೆ, ಮೀನುಗಳವರೆಗೆ ಒಂದೊಂದನ್ನೇ ನಿಲ್ಲಿಸಿ, ಸಪ್ಪೆ ಅನ್ನ ಸಾರಿನ ಮೇಲೆ ವಾರಗಟ್ಟಲೆ ಇಡುವ ಮನೆಗಳುಂಟು. ಹೊಸ ಚರ್ಮ ಹುಟ್ಟಬೇಕಾದರೆ ದೇಹಕ್ಕೆ ಸಸಾರಜನಕ ಬೇಕು; ತೊಗರಿ, ಹೆಸರು, ಕಡಲೆ, ಹಾಲು, ಮೊಸರು, ಮೊಟ್ಟೆ, ಅವರವರ ಮನೆಯ ರೂಢಿಯಂತೆ ಮೀನು ಮಾಂಸಗಳು, ಜೊತೆಗೆ ಸೊಪ್ಪು, ನೆಲ್ಲಿ, ಸೀಬೆ ಇವೆಲ್ಲ ಆ ದಿನಗಳಲ್ಲಿ ಹೆಚ್ಚಾಗಿಯೇ ಇರಲಿ. ತಾನೇ ಅಡಿಗೆ ಮಾಡಿ ಬಡಿಸಿ ಕಡೆಯಲ್ಲಿ ಉಣ್ಣುವ ಗೃಹಿಣಿಗೇ ಕೈ ಸುಟ್ಟಿರುವುದು ಹೆಚ್ಚಾದ್ದರಿಂದ, ಒಲೆಯ ಮುಂದಿನ ಕೆಲಸವನ್ನು ಆ ಕೆಲವು ದಿನ ಮನೆಯ ಗಂಡಸರು ಕೈಗೆತ್ತಿಕೊಳ್ಳುವುದೂ ಚಿಕಿತ್ಸೆಯ ಭಾಗವೆಂದೇ ನನ್ನ ಅಭಿಪ್ರಾಯ.

ಮೇಲ್ಪದರದ ಸುಡುವಿಕೆ ಒಂದು ವಾರದಲ್ಲಿ ಮಾಯುತ್ತದೆ. ಬೊಬ್ಬೆ ಎದ್ದುದಕ್ಕೆ ಎರಡು ಮೂರು ವಾರ ಹಿಡಿಯಬಹುದು. ಮೂರು ವಾರ ಕಳೆದರೂ ಮಾಯದ ಗಾಯ ಗಂಟುಗಟ್ಟಿದ ಕಲೆಯನ್ನು ಉಳಿಸುವ ಸಂಭವ ಹೆಚ್ಚು. ಅಷ್ಟು ದಿನ ಕಾಯದೆ, ಎರಡನೆಯ ವಾರದ ಕೊನೆಗೆ ಪೂರ್ತಿ ಮುಚ್ಚಿಲ್ಲವೆಂದು ಕಂಡಾಗಲೇ ಶಸ್ತ್ರವೈದ್ಯರ ಸಲಹೆ ಪಡೆಯಬೇಕು. ಮಾದ ಮೇಲೆ ಹೊಸ ಚರ್ಮ ಒಣಗಿ ತುರಿಸುತ್ತದೆ. ಮೊದಲ ದಿನ ಬೇಡವೆಂದ ಕೊಬ್ಬರಿ ಎಣ್ಣೆಯನ್ನು ಈಗ ದಿನಕ್ಕೆ ಎರಡು ಮೂರು ಬಾರಿ ಸವರಬಹುದು. ಬಿಸಿಲಿಗೆ ಆ ಭಾಗ ಬೇಗ ಕಪ್ಪಾಗುವುದರಿಂದ ಕೆಲವು ತಿಂಗಳ ಕಾಲ ಹೊರಗೆ ಹೊರಡುವಾಗ ತುಂಬುತೋಳಿನ ಬಟ್ಟೆ ತೊಡಿಸಬೇಕು.